ನಡುವಿನ ಒಡ್ಡು

…ಅದನ್ನ ನಾನೂ ಅನ್ನೂದು. ಬೀಜ ಮಾರೋ ಕಂಪನಿಗೆ ನಮ್ಮ ಮಣ್ಣಿನ ಚಿಂತಿ ಯಾಕ? ಹೇಳ ನೋಡೋಣು. ಬೀಜ ಮಾರಲಿ, ಗೊಬ್ಬರ ಮಾರಲಿ, ಹುಬ್ಬಳ್ಳ್ಯಾಗ ಆರಾಮ ಕುಂದರಲಿ. ಅದನ್ನ ಬಿಟ್ಟು ನಮ್ಮ ಶಿರಗುಪ್ಪಿ ತನಕ ಜೀಪ ತಗೊಂಡ ಬಂದು, ನಿಮ್ಮ ಮಣ್ಣು ಹಳ್ಳಕ್ಕ ಹರದ ಹೊಂಟೈತ್ರಿ ಅಂತ ನಮಗ ಹೇಳ್ತಾರ. ಹರದ ಹೋದ್ರ ಹೋತು! ಹಳ್ಳಾನೂ ನಮ್ಮದ, ಮಣ್ಣೂ ನಮ್ಮದ.

ಯಾಕ ನಗ್ತಿ? ಸೆರಗಿನ ಒಳಗ ನಕ್ಕರೂ ನನಗ ಗೊತ್ತಾಗತೈತಿ.

ಬಾಗಲದಾಗ ಯಾಕ ನಿಂತಿ, ಒಳಗ ಬಾ ಹುಲಿಗೆವ್ವಾ. ಕುಂದ್ರು. ಒಲ್ಲಿ? ಆತು, ಕಂಬಾ ಹಿಡಕೊಂಡ ನಿಂದ್ರು. ತಮ್ಮನ ಹೆಂಡತಿ ಭಾವನ ಮುಂದ ಕುಂದರಬಾರದು, ಮಾತಾಡಬಾರದು… ಈ ಮರ್ಯಾದಿ ನಿನ್ನ ಕಾಲಕ್ಕ ಮುಗೀತ ನೋಡು. ಈಗಿನ ಹುಡಿಗ್ಯಾರು ಭಾವನ ಮಗ್ಗಲದಾಗ ಕುಂತು ಟೀವಿ ನೋಡ್ಕೋತ ಶೇಂಗಾ ತಿಂತಾರ. ನನ್ನ ತಮ್ಮ ಉಳವಪ್ಪ ತೀರಿಕೊಂಡು ಇಷ್ಟ ವರ್ಷ ಆತು, ನೀ ಇನ್ನೂ ನನ್ನ ಮುಂದ ಸೆರಗ ಇಳಿಸಿಲ್ಲ, ಒಂದ ಮಾತ ಎದುರಾಡಿಲ್ಲ. ಅದಕ್ಕ ಊರಾಗ ನಿನ್ನ ಹೆಸರಿಗೆ ಒಂದ ತೂಕ ಐತಿ.

ಏನ ಹೇಳಾಕತ್ತಿದ್ದೆ? ಹಾಂ, ಕಂಪನಿ. ಮೊನ್ನೆ ಟ್ರೇನಿಂಗ್ ಅಂತ ನಮ್ಮನ್ನೆಲ್ಲಾ ಹುಬ್ಬಳ್ಳಿ ದೇಶಪಾಂಡೆ ನಗರಕ್ಕ ಒಯ್ದಿದ್ರಲ್ಲ. ದೊಡ್ಡ ಹಾಲು, ಮಷಿನ್ನಿನ ತಂಪ ಗಾಳಿ. ದೀಪಾ ಆರಿಸಿ ಗ್ವಾಡಿ ಮ್ಯಾಲ ಚಿತ್ರ ಬಿಟ್ಟರು. ಏನ ಚಿತ್ರ ಅಂತಿ? ನಮ್ಮ ಎರಿ ಹೊಲ, ಕರೀ ಮಣ್ಣು! ಬ್ಯಾಸಗ್ಯಾಗ ಬಿರದ ನಿಂತದ್ದು. ದಿನಾ ತುಳಿಯೋ ಮಣ್ಣ ನೋಡಾಕ ಬಸ್ಸ ಹತ್ತಿ ಹೋಗಿ ಕುರ್ಚಿ ಮ್ಯಾಲ ಕುಂತೀವಿ ನಾವು, ಶ್ಯಾಣ್ಯಾರು. ಅಲ್ಲೆ ಪರಮೇಶ ಅಂತ ಒಬ್ಬ ಆಫೀಸರ. ಮೀಸಿ ಈಗ ಬರಾಕತ್ತಾವ ಅಂವಗ. ಕೈಯಾಗ ಕೆಂಪ ಬೆಳಕಿನ ಪೆನ್ನ ಹಿಡಕೊಂಡು, ಇದು ಮೇಲ್ಮಣ್ಣು, ಇದು ಕೆಳಮಣ್ಣು ಅಂತಾನ. ನಮ್ಮ ಬಾಜೂ ಹೊಲದ ಖಾಜಾಸಾಬ ಬಾಯಿ ತಗದ ನೋಡಾಕತ್ತಿದ್ದ. ನಾ ನಿದ್ದಿ ಹೊಡದೆ. ಎಬ್ಬಿಸಿ ಉಪ್ಪಿಟ್ಟ ಕೊಟ್ಟರು. ಉಪ್ಪಿಟ್ಟ ಛಲೋ ಇತ್ತು, ಸುಳ್ಳ ಯಾಕ ಹೇಳ್ಲಿ.

ಅದ ಪರಮೇಶ ಹ್ವಾದ ಮಳಿಗಾಲದಾಗ ಇಲ್ಲಿಗೆ ಬಂದಿದ್ದ, ಬೂಟ ಹಾಕ್ಕೊಂಡು. ಮಳಿ ಆದ ಮರುದಿನ, ಎರಿ ಹೊಲದಾಗ, ಬೂಟ! ನಾಕ ಹೆಜ್ಜಿ ಇಡೂದ್ರಾಗ ಕಾಲ ಹೊರಗ ಬಂತು, ಬೂಟ ಒಳಗ ಉಳೀತು. ಖಾಜಾಸಾಬ ಮೊಣಕೈ ತನಕ ಕೈ ಹಾಕಿ ಕಿತ್ತ ಕೊಟ್ಟ. ಇಂಥವರು ಮಣ್ಣ ಉಳಸಾಕ ಬಂದಾರ.

ಏನ ಮಾಡ್ತಾರಂತ, ಕೇಳು. ಹಳ್ಳದ ಕಡಿ ಇಳಿಜಾರಿನ ಹೊಲ ಎಲ್ಲಾ ಕೂಡಿಸಿ, ಹೊಲಾಹೊಲದ ನಡುವ ಮಷಿನ್ನಲೆ ದೊಡ್ಡ ಮಣ್ಣಿನ ಒಡ್ಡ ಹಾಕ್ತಾರಂತ. ಹೆಚ್ಚಿನ ನೀರ ದಾಟಾಕ ಕಲ್ಲಿನ ಕೋಡಿ. ಕೆಳಗ ಒಂದ ಹೊಂಡ. ಎಲ್ಲಾ ಪುಕ್ಕಟೆ. ಬದಲಿಗೆ ಮುಂದ ಒಂದಿಷ್ಟ ವರ್ಷ ಅವರ ಬೀಜಾನ ಬಿತ್ತಬೇಕು. ತಿಳೀತಿಲ್ಲೋ? ಇದು ಮಣ್ಣಿನ ಮ್ಯಾಲಿನ ಪ್ರೀತಿ ಅಲ್ಲ ತಂಗಿ, ಬೀಜ ಮಾರೋ ಹಂಚಿಕಿ.

ಖಾಜಾಸಾಬ ಮೊದಲ ಬಲ್ಯಾಗ ಬಿದ್ದ. ಒಡ್ಡ ಹಾಕಿಸ್ಕೊಂಡ. ಈಗ ಎದಿ ಉಬ್ಬಿಸ್ಕೊಂಡ ಅಡ್ಡಾಡತಾನ, ಸಿದ್ದಲಿಂಗಪ್ಪಣ್ಣಾ ನನ್ನ ಕಡ್ಲಿ ನೋಡ ಬಾ ಅಂತ. ನಾ ಯಾಕ ಹೋಗ್ಲಿ? ದೂರಿಂದ ನೋಡಿದೆ. …ಆತು, ಹಸರ ಐತಿ. ಕಡ್ಲಿ ಹಸರ ಇರದ ಏನ ನೀಲಿ ಇರತೈತೇನು?

ಗೊತ್ತೈತಿ, ಗೊತ್ತೈತಿ. ನೀ ಬಿತ್ತಿದ್ದು ಎರಡ ಸಲ ತೊಳಕೊಂಡ ಹೋತು. ಹಳ್ಳದ ದಂಡಿಗೆ ಕುಂತು ನೀ ಅತ್ತದ್ದೂ ನೋಡೇನಿ ನಾನು. ಕಲ್ಲ ಅಲ್ಲ ನಾ. ಆದ್ರ ಅದಕ್ಕ ಕಂಪನಿ ಯಾಕ ಬೇಕು? ಮನಿ ಹಿರ್ಯಾ ನಾ ಸತ್ತೇನೇನು? ನಿನ್ನ ಮಗಳು ಸುಕನ್ಯಾನ ಲಗ್ನಾ ಯಾರ ನಿಂತ ಮಾಡಿದರು? ಅಪ್ಪ ಇಲ್ಲದ ಹುಡುಗಿ ಅಂತ ಬೀಗರ ಬಾಯಾಗ ಬರಗೊಡಲಿಲ್ಲ ನಾನು. ಹೌದಿಲ್ಲೋ? ಹೂಂ ಅನ್ನು.

ಅದಕ್ಕ ಹೇಳ್ತೇನಿ, ಬ್ಯಾಡ ಅಂದುಬಿಡು. ಪರಮೇಶ ಬಂದ್ರ, ನಮ್ಮ ಭಾವ ಒಲ್ಲೆ ಅಂದಾರ ಅಂತ ಹೇಳು. ಮುಗೀತು. ಈ ಸಲ ನಿನ್ನ ಹೊಲಕ್ಕ ನಾನ ಮಣ್ಣ ಏರಿಸಿ ಕೊಡ್ತೇನಿ, ನನ್ನ ಎತ್ತ ಅದಾವ…

ಕೈ ಯಾಕ ಮುಚ್ಚಿಟ್ಟಿ? ತಗಿ. ತಗಿ ಅಂದೆ.

ಮಸಿ.

ಕಂಪನಿ ಕಾಗದಕ್ಕ ಹೆಬ್ಬಟ್ಟ ಒತ್ತಿ ಬಂದಿ. ನನ್ನ ಒಂದ ಮಾತ ಕೇಳದ ಒತ್ತಿ ಬಂದಿ! ಇರ್ಲಿ. ಹೊಲ ನಿನ್ನ ಹೆಸರಲೆ ಐತಿ, ಪಹಣಿ ಉತಾರ ಈಗ ಕಂಪ್ಯೂಟರಿನ್ಯಾಗ ಬರತೈತಿ, ನಾ ಯಾರು ಕೇಳಾಕ?

ಆದ್ರ ಒಡ್ಡ ಹಾಕೂಕಿಂತ ಮೊದಲ ಏನ ಮಾಡ್ತಾರ, ಹೇಳ್ಯಾರೇನು ನಿನಗ? ಅಳತಿ! ಸರ್ವೇದವರನ್ನ ಕರಸಿ ಸರಪಳಿ ಹಿಡೀತಾರ. ನೆಲದಾಗ ಹುಗದ ಗಡಿ ಕಲ್ಲು, ಬಾಂದಗಲ್ಲ ಹುಡುಕ್ತಾರ. ಅಣ್ಣತಮ್ಮರ ಹೊಲದ ನಡುವ ಸರಪಳಿ! ನಮ್ಮಪ್ಪ ಪಾಲ ಮಾಡಿ ಕೊಟ್ಟಾಗ ಯಾವ ಸರಪಳಿ ಇತ್ತು? ಅಂವ ಮುಂದ ಬಾಂದಗಲ್ಲ ಹುಗಕೋತ ಹೋದ, ಹಿಂದ ನಾನೂ ಉಳವಪ್ಪನೂ ಅದರ ಮ್ಯಾಲ ಮಣ್ಣ ಒಟ್ಟಕೋತ ಹೋದಿವಿ. ಆ ಒಡ್ಡಿನ ಮ್ಯಾಲ ಕುಂತ ಇಬ್ಬರೂ ರೊಟ್ಟಿ ತಿಂದೀವಿ. ಈಗ ನೀ ಅದಕ್ಕ ಸರಪಳಿ ಹಚ್ಚಿಸ್ತಿ. ಊರ ಮಂದಿ ಏನಂದಾರು? ಸಿದ್ದಲಿಂಗಪ್ಪನ ಮ್ಯಾಲ ತಮ್ಮನ ಹೆಂಡತಿಗೆ ನಂಬಿಗಿ ಇಲ್ಲ ಅಂತಾರ.

ಒಡ್ಡ ಎಲ್ಲಿತ್ತೋ ಅಲ್ಲೇ ಐತಿ. ಎದ್ದ ಹೋಗಾಕ ಅದಕ್ಕೇನ ಕಾಲ ಅದಾವೇನು?

…ಹಂಗ್ಯಾಕ ನೋಡ್ತಿ? ಇಷ್ಟ ವರ್ಷ ನೆಲಾ ನೋಡ್ಕೋತ ನಿಂತಾಕಿ, ಇವತ್ತ ಮಾರಿ ನೋಡಾಕತ್ತಿ.

ನೋಡು, ಎರಿ ಹೊಲದಾಗ ರಂಟಿ ಹೊಡಿಯೂದಂದ್ರ ಆಫೀಸಿನ್ಯಾಗ ಕುಂತು ಕಾಗದದ ಮ್ಯಾಲ ಗೆರಿ ಎಳದಂಗಲ್ಲ. ಒಡ್ಡಿನ ಮಗ್ಗಲಕ್ಕ ಬಂದಾಗ ಎತ್ತ ಒಂದೀಟ ವಾಲತಾವ. ಒಂದ ಸಾಲ ಒಡ್ಡಿನ ಬುಡಕ್ಕ ಹೋಗತೈತಿ. ಈ ಕಡಿ ಮಣ್ಣ ಕುಸೀತೈತಿ, ಅದನ್ನ ಎತ್ತಿ ಆ ಕಡಿ ಒಗೀತೀವಿ. ಒಡ್ಡ ಒಂದ ಗೇಣ ಆ ಕಡಿ ಸರೀತೈತಿ, ಮುಂದಿನ ವರ್ಷ ಮತ್ತೊಂದ ಸಾಲ. ಎಲ್ಲಾರ ಹೊಲದಾಗೂ ಆಗೂದ ಅದು, ರಂಟಿ ಹಿಡದವರನ್ನ ಬೇಕಾದ್ರ ಕೇಳು. ವರ್ಷಾ ವರ್ಷಾ ನಿಮ್ಮ ಎತ್ತು ನನ್ನ ಹೊಲದ ಕಡೇನ ಯಾಕ ವಾಲತಾವ ಅಂತ ನೀ ಕೇಳಿದ್ರ ನಾ ಏನ ಹೇಳ್ಲಿ? ಎತ್ತಿನ್ನ ಕೇಳಬೇಕು…

ನೀ ಕೇಳಲಿಲ್ಲ.

ಹೌದು. ನೀ ಏನೂ ಕೇಳಲಿಲ್ಲ. ನಾನ ಅಂದೆ.

ಹುಲಿಗೆವ್ವಾ… ಗೊತ್ತಿತ್ತೇನ ನಿನಗ? ಎಂದಿನಿಂದ? ಉಳವಪ್ಪ ಇದ್ದಾಗಿಂದ? …ಅಂವಗೂ ಗೊತ್ತಿತ್ತ?

ಏನರ ಅನ್ನು. ಬಯ್ಯಿ. ಭಾವ ಅಂತ ನೋಡಬ್ಯಾಡ, ನಿನ್ನ ಬಾಯಿಗೆ ಬಂದಂಗ ಬಯ್ಯಿ. ಹಿಂಗ ಸುಮ್ಮನ ನಿಂದ್ರಬ್ಯಾಡ. ನೀ ಸುಮ್ಮನ ಇರೂದು ನನ್ನ ಮರ್ಯಾದಿ ಸಲುವಾಗಿ ಅಂತ ತಿಳಕೊಂಡಿದ್ದೆ ನಾನು. ಹೆಮ್ಮಿ ಇತ್ತು ನನಗ. ಎಲ್ಲಾ ನೋಡಿ ನುಂಗಿಕೊಂಡಿದ್ದೀ, ನನಗ ಹೆಂಗ ಗೊತ್ತಾಗಬೇಕು?

ಹೆಬ್ಬಟ್ಟ ಒತ್ತಿದವರ ಹೊಲಕ್ಕ ಸೋಮವಾರ ಬರ್ತಾರಂತ ಸರ್ವೇದವರು, ಸರಪಳಿ ತಗೊಂಡು. ಖಾಜಾಸಾಬ ಇರ್ತಾನ. ಅರ್ಧಾ ಊರ ನೋಡಾಕ ಬರತೈತಿ. ಬಾಂದಗಲ್ಲ ನನ್ನ ಹೊಲದ ನಟ್ಟನಡುವ ಸಿಕ್ಕರ… ಆ ಪರಮೇಶ, ಮೀಸಿ ಬರದ ಹುಡುಗ, ನನ್ನ ಮಾರಿ ನೋಡಿ ಸುಮ್ಮನ ತಲಿ ತಿರುವತಾನ. ಅದನ್ನ ಹೆಂಗ ತಡಕೊಳ್ಳಲಿ ನಾನು?

ಹೊಂಟಿ? ತಡಿ. ಹೇಳಿ ಹೋಗು. ಎಲ್ಲಿಗೆ? …ಆ ದಾರಿ ನಿನ್ನ ಮನೀದಲ್ಲ, ಹೊಲದ್ದು.

ಇದೇನ ಇದು, ಬಾಗಲದ ಹೊರಗ ಕಟ್ಟೀಗೆ ಆನಿಸಿ ಇಟ್ಟೀ? ಗುದ್ದಲಿ.

ಸರಪಳಿ ಬರೂದ್ರೊಳಗ ಒಡ್ಡ ಅದರ ಜಾಗಕ್ಕ ಹೋಗಲಿ ಅಂತನ? ಊರ ಮುಂದ ಭಾವನ ತಲಿ ತೆಳಗ ಆಗಬಾರದು ಅಂತನ? ಇದನ್ನ ಹೇಳಾಕ ಬಂದಿದ್ದೇನು ನೀನು, ನಾ ಇಷ್ಟೊತ್ತು ಕಂಪನಿ ಕಂಪನಿ ಅಂತ ಒದರಾಕತ್ತೇನಲ್ಲ…

ಆದ್ರ ಎರಡ ಗುದ್ದಲಿ ಯಾಕ ತಂದೀ, ಹುಲಿಗೆವ್ವಾ? ಸರಿಸಿದಂವ ನಾ ಒಬ್ಬನ.