ಮಂಡಿನೋವಿನ ಪುಡಿ

...ಮೂತ್ರಪಿಂಡಕ್ಕೇ ಸೂಜಿ ಚುಚ್ಚಿದ್ಲಾ? ಬಾವಂತೆ, ಬಾವು! ಹಾಲುಗಲ್ಲದ ಹುಡುಗಿ, ಬಿಳಿ ಕೋಟು ಹಾಕ್ಕೊಂಡ್ಬಿಟ್ರೆ ಡಾಕ್ಟರಮ್ಮ! ನಮ್ಮಜ್ಜ ನಾಡಿ ಹಿಡಿದ್ರೆ ಸಾಕಿತ್ತು ಕಣೇ ಅಕಿಮ್, ನಿನ್ನೆ ತಿಂದಿದ್ದೂ ಹೇಳ್ತಿದ್ದ. ಇವಳಿಗೆ ನಿನ್ನ ಉಚ್ಚೆ ಬೇಕು, ರಕ್ತ ಬೇಕು, ಸಾಲದ್ದಕ್ಕೆ ಬೆನ್ನಿಂದ ಒಂದೆಳೆ ಮಾಂಸವೂ ಬೇಕು. ಥೂ! ತೈನಾನ್ ಪೇಟೇಲಿ ಮೂರು ತಲೆಮಾರಿನ ಬೇರಿನ ಔಷಧಿ ಅಂಗಡಿ ನಮ್ದು. ಅದರ ಯಜಮಾನ ನಾನು, ನನ್ನ ಹೆಂಡತೀನೇ ಇಲ್ಲಿ ಬಂದು ಮಲಗಿದ್ರೆ ಓಣಿಯವರು ಏನಂದಾರು?

ಯಾಕೆ ನಗ್ತೀಯ? ಕುಂಟ್ತಿದ್ದೀನಿ ಅಂತಾನಾ? ಲಿಫ್ಟ್ ತುಂಬಿತ್ತು, ನಾಲ್ಕು ಮಹಡಿ ಹತ್ತಿ ಬಂದೆ. ಮಂಡಿ ಕಿತ್ಕೊಂಡು ಬರ್ತಿದೆ. ಇರ್ಲಿ, ಮೀನಿನ ಗಂಜಿ ತಂದಿದ್ದೀನಿ, ಕುಡಿ. ಬೇಡ್ವಾ? ಮುಖ ಎಷ್ಟು ಊದಿದೆ ನೋಡು! ಮೈಮೇಲೆ ಗಂಧೆ ಬೇರೆ... ಶೀತಗಾಳಿ, ಅಷ್ಟೇ.

'ಯಾವ ಔಷಧಿ ತಗೊಂಡಿದ್ರಿ' ಅಂತ ಕೇಳಿದ್ಲಾ? ಕೇಳೇ ಕೇಳ್ತಾಳೆ! ಕಾರಣ ಹೊಳೀಲಿಲ್ಲ ಅಂದ್ರೆ ನಮ್ಮ ಬೇರು ನಾರಿನ ಮೇಲೆ ಗೂಬೆ ಕೂರಿಸೋದು, ಇವರ ಕಸುಬೇ ಅದು. ಏನೂ ಇಲ್ಲ ಅನ್ನು. ...ಹೇಳದಿದ್ರೆ ಕಿಡ್ನಿ ಎರಡೂ ಹೋಗುತ್ತಂತಾ? ಹೆದರಿಸ್ತಾಳೆ ಕಣೇ! ಆ ಚೀಲ ಕೊಡು ಇಲ್ಲಿ. ನಮ್ಮ ಮಂಡಿನೋವಿನ ಪುಡಿ ಇದೆ ಅಲ್ವಾ ಅದರಲ್ಲಿ, ಉಳಿದ ಪೊಟ್ಟಣ ನಾನು ತಗೊಂಡು ಹೋಗ್ತೀನಿ. ಕೊಡೇ! ಅನುಮಾನ ಬೇರೆ! ಮೂವತ್ತು ವರ್ಷದಿಂದ ನೀನೇ ಮಡಿಸ್ತಿರೋ ಪೊಟ್ಟಣ. ಹನ್ನೊಂದು ಬೇರು, ಅಜ್ಜನ ಕೈಗುಣ, ತಿಂದ ಗಳಿಗೇಲೇ ನೋವು ಮಾಯ! ಕುಟ್ಟೋ ದಿನ ಬಾಗಿಲು ಹಾಕ್ಕೋತೀನಿ, ಹೌದು. ಹೆಂಗಸರ ನೆರಳು ಬಿದ್ರೆ ಗುಣ ಕೆಡುತ್ತೆ. ಅಜ್ಜನೇ ಹೇಳಿದ್ದು.

ಪೊಟ್ಟಣ ಯಾಕೆ ಬಿಚ್ತಿದ್ದೀಯ? ಆ ನೀರು ಯಾರಿಗೆ? ...ನನಗಾ?

ಬೇಡ. ಅಷ್ಟೇನೂ ನೋಯ್ತಿಲ್ಲ. ಹೌದು, ಈಗ ತಾನೇ ಹೇಳಿದೆ, ಅದಕ್ಕೇನೀಗ? ಆಮೇಲೆ ತಗೋತೀನಿ. ಹಾಗೆ ನೋಡ್ಬೇಡ ಕಣೇ! ಕೈ ಇಳಿಸು. ನಾನು ಯಾವತ್ತು ಇದನ್ನ ತಿಂದಿದ್ದೀನಿ... ಅಂದ್ರೆ...

ಅಯ್ಯೋ, ಬರೀ ಬೇರಿಂದ ಯಾರ ನೋವು ಗಳಿಗೇಲಿ ಹೋಗುತ್ತೆ ಹೇಳು! ಎಲ್ಲ ಅಂಗಡಿಯವರೂ ಬೆರೆಸ್ತಾರೆ. ಇವರದ್ದೇ, ಈ ಬಿಳಿ ಕೋಟಿನವರದ್ದೇ ನೋವಿನ ಮಾತ್ರೆ... ಒಂದಿಷ್ಟು. ನೀನು ದಿನಾ ತಿಂತಿದ್ದೆ, ನೋಡ್ತಾನೇ ಇದ್ದೆ ನಾನು. ಬೇಡ ಅಂದಿದ್ರೆ, ಯಾಕೆ ಅಂತ ಕೇಳ್ತಿದ್ದೆ ನೀನು.

ಏನಾದ್ರೂ ಬೈಯೇ... ಅಕಿಮ್, ಆ ನರ್ಸ್ ಬೆಲ್ಲು ಒತ್ತಬೇಡ.