ಒಳಗೆ ಹೋದದ್ದು ಕಾಣುವ ಯಂತ್ರ

ನಾನು, ವಯಸ್ಸು ನಲವತ್ತೊಂದು, ಕಾರಿನ ಸೀಟು ಹೊದಿಕೆ ಮತ್ತು ಬಿಡಿ ಸಾಮಾನುಗಳ ಅಂಗಡಿಯಲ್ಲಿ ಮಾರಾಟದ ಕೆಲಸ, ವಾಸ ಅಂಗಡಿಯ ಹಿಂದಿನ ಬೀದಿಯಲ್ಲಿ ಟೈಲರ್ ಮನೆಯ ಮೇಲಿನ ಮಹಡಿ, ಬಾಯಿ ಸುಮ್ಮನಿರದ ಕಾರಣ ಎಲ್ಲರಿಗೂ ರೇಡಿಯೊ ಎಂಬ ಅಡ್ಡಹೆಸರಿನಿಂದ ಪರಿಚಿತ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಿನ್ನೆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ ನಮ್ಮ ಅಂಗಡಿಗೆ ಶಾಲಾ ವ್ಯಾನ್ ಓಡಿಸುವ ಮಹಿಳೆಯೊಬ್ಬರು ಬಂದರು. ವಯಸ್ಸು ಐವತ್ತರ ಆಸುಪಾಸು. ಮಕ್ಕಳು ಅವರನ್ನು ವ್ಯಾನ್ ಅಕ್ಕ ಎನ್ನುತ್ತಾರೆಂದು ಆಮೇಲೆ ತಿಳಿಯಿತು, ನಾನೂ ಹಾಗೆಯೇ ಹೇಳುತ್ತೇನೆ. ವ್ಯಾನಿನ ಒಳಗನ್ನು ಚೊಕ್ಕಟ ಮಾಡಲು ಕೈಯಲ್ಲಿ ಹಿಡಿಯುವ ಸಣ್ಣ ವ್ಯಾಕ್ಯೂಮ್ ಕ್ಲೀನರ್ ಬೇಕೆಂದರು. ನಾನು ನಾಲ್ಕು ಯಂತ್ರಗಳನ್ನು ತೆಗೆದಿಟ್ಟೆನು.

ನಮ್ಮ ಅಂಗಡಿಯ ಬಾಗಿಲ ಬಳಿ ಹಳೆಯ ಕಾರಿನಿಂದ ಬಿಚ್ಚಿದ ಹಿಂದಿನ ಸೀಟೊಂದಿದೆ. ಅದು ಗಿರಾಕಿಗಳಿಗೆ ಬೆಂಚು, ನನಗೆ ರಂಗಸ್ಥಳ. ಅದರ ಮೇಲೆ ಒಂದು ಹಿಡಿ ಥರ್ಮಾಕೋಲ್ ಕಾಳು ಚೆಲ್ಲಿ, ಯಂತ್ರ ಹಚ್ಚಿ, ಒಂದೇ ಸಲಕ್ಕೆ ಎಳೆಸಿ ತೋರಿಸುವುದು ನಮ್ಮ ಪದ್ಧತಿ. ಆ ಹೊತ್ತಿಗೆ ಸೀಟಿನ ಮೇಲೆ ಗಂಡ ಹೆಂಡತಿ ಇಬ್ಬರು ಕುಳಿತಿದ್ದರು. ಅವರ ಕಾರಿಗೆ ಹೊರಗಡೆ ಹೊದಿಕೆ ಹಾಕಲಾಗುತ್ತಿತ್ತು. ಹೆಂಡತಿಯಾದವರು ಸೆಖೆಯೆಂದು ತಲೆಗೆ ಸುತ್ತಿದ್ದ ಸ್ಕಾರ್ಫ್ ಎಳೆದು ತೆಗೆದು, ಗಂಡನೊಂದಿಗೆ ಹೊರಗೆ ಹೋಗಿ ಕಾರಿನ ಬಳಿ ನಿಂತರು.

ನಾನು ಥರ್ಮಾಕೋಲ್ ಚೆಲ್ಲಿ ಆಟ ತೋರಿಸಿದೆನು. ವ್ಯಾನ್ ಅಕ್ಕ ನೋಡಿ, "ಅಣ್ಣಾ, ಇದು ಬಾಯಲ್ಲಿ ಊದಿದ್ರೂ ಹೋಗುತ್ತೆ. ನನ್ನ ಗಾಡಿ ಕಸ ಬೇರೆ ಜಾತೀದು" ಎಂದು ಚೀಲದಿಂದ ಒಂದು ಡಬ್ಬಿ ತೆಗೆದರು. ಅದರಲ್ಲಿ ಅವರ ವ್ಯಾನಿನದೇ ಕಸವಿತ್ತು: ಬಿಸ್ಕತ್ತಿನ ಪುಡಿ, ಬೂಟಿನ ಮರಳು, ಪೆನ್ಸಿಲ್ ಕೆತ್ತಿದ ಸಿಪ್ಪೆ, ಗಂಟುಕಟ್ಟಿದ ಕೂದಲು. ಅದನ್ನು ಸೀಟಿನ ಮೇಲೆ ಚೆಲ್ಲಲು ಅನುಮತಿ ಕೇಳಿದರು. ಹಣ ತರುವ ಗಿರಾಕಿ, ದೂರು ತರುವ ಗಿರಾಕಿ, ಚೌಕಾಸಿಗೆಂದೇ ಭಾವಮೈದುನನನ್ನು ಕರೆತರುವ ಗಿರಾಕಿ, ಎಲ್ಲರನ್ನೂ ಕಂಡಿದ್ದೇನೆ. ಕಸ ತಂದವರನ್ನು ಕಂಡದ್ದು ಇದೇ ಮೊದಲು. ನನಗೆ ನಗು ಬಂತು, ಜೊತೆಗೆ ಸ್ವಲ್ಪ ದಿಗಿಲೂ ಆಯಿತು.

ದಿಗಿಲಿಗೆ ಕಾರಣವಿತ್ತು. ಮೊದಲನೆಯ ಕೆಂಪು ಯಂತ್ರ ಬಿಸ್ಕತ್ತಿನ ಪುಡಿ ತಿಂದು ಮರಳನ್ನು ಬಿಟ್ಟಿತು. ಎರಡನೆಯದು ಬ್ಯಾಟರಿಯದು, ಚೆನ್ನಾಗಿಯೇ ಎಳೆಯಿತು. ಆದರೆ ಅವರು ಅದನ್ನು ನಿಲ್ಲಿಸದೆ ಹಿಡಿದುಕೊಂಡೇ ನಿಂತರು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದರ ಸದ್ದು ಕುಗ್ಗಿತು. ತಮ್ಮ ಗಾಡಿಯ ಮೂರನೇ ಸಾಲಿಗೆ ಬರುವ ಮೊದಲೇ ಇದು ಪ್ರಾಣ ಬಿಡುತ್ತದೆಂದು ಹೇಳಿ ಪಕ್ಕಕ್ಕಿಟ್ಟರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅಲ್ಲಿಯವರೆಗೆ ನಾನು ಬಾಯಲ್ಲಿ ಮಾತ್ರ ಹೇಳುತ್ತಿದ್ದೆನು.

ಮೂರನೆಯದು ಕಪ್ಪು ಯಂತ್ರ. ನಮ್ಮಲ್ಲಿ ಅತಿ ದುಬಾರಿಯದು, ನಾನು ಎಲ್ಲರಿಗೂ ಹೊಗಳುವುದು. ಅಕ್ಕ ಮಂಡಿಯೂರಿ ಕುಳಿತು ಅದರ ಸಪೂರ ಮೂತಿಯನ್ನು ಸೀಟಿನ ಸಂದಿಗೆ ತೂರಿಸಿದಾಗ ಒಳಗೆ ಟಕ್ ಎಂದಿತು. ಇದು ಕಲ್ಲನ್ನೂ ಬಿಡುವುದಿಲ್ಲವೆಂದು ನಾನು ಕೊಚ್ಚಿಕೊಂಡೆನು. ಅವರು ಕೂಡಲೇ ಯಂತ್ರ ನಿಲ್ಲಿಸಿ, ಏನು ಹೋಯಿತೆಂದು ತೆರೆದು ತೋರಿಸಲು ಹೇಳಿದರು. ನೆಲಕ್ಕೆ ಧೂಳು ಬೀಳುತ್ತದೆಂದು ಪ್ರದರ್ಶನದ ಯಂತ್ರವನ್ನು ತೆರೆಯಬಾರದೆಂಬುದು ಯಜಮಾನರ ಕಟ್ಟಪ್ಪಣೆ. ಆದ್ದರಿಂದ ಆಗುವುದಿಲ್ಲವೆಂದೆನು. "ಒಳಗೇನು ಹೋಯ್ತು ಅಂತ ಕಾಣದೇ ಇರೋ ಮಿಷಿನ್ ನನಗೆ ಬೇಡ ಅಣ್ಣಾ. ಮಕ್ಕಳ ಸಾಮಾನು ಇರುತ್ತೆ" ಎಂದು ಅವರು ಅದನ್ನು ಕೆಳಗಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನನಗೆ ಬೇಸರವಾಯಿತು.

ನಾಲ್ಕನೆಯದು ಸಾಧಾರಣ ಬಿಳಿ ಯಂತ್ರ, ಧೂಳಿನ ಡಬ್ಬಿ ಗಾಜಿನಂತೆ ಪಾರದರ್ಶಕ, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ವೈರು. ಪರೀಕ್ಷೆಗೆಂದು ಅಂಗಡಿಯಲ್ಲಿಟ್ಟಿರುವ ಕಾರ್ ಬ್ಯಾಟರಿಗೆ ಸಿಕ್ಕಿಸಿದಾಗ ಸೀಟಿನ ಮೇಲಿನ ಮರಳನ್ನೂ ಎಳೆಯಿತು. ಅಕ್ಕ ಚೀಲದಿಂದ ದಾರದ ಉಂಡೆಯೊಂದನ್ನು ತೆಗೆದರು. ತಮ್ಮ ವ್ಯಾನಿನ ಸಾಕೆಟ್ಟಿನಿಂದ ಕೊನೆಯ ಸೀಟಿನವರೆಗೆ ಅಳೆದು ಕತ್ತರಿಸಿದ ದಾರವದು. ವೈರನ್ನು ಅದರ ಪಕ್ಕ ಚಾಚಿದರು, ಗೇಣುದ್ದ ಹೆಚ್ಚೇ ಇತ್ತು. ಫಿಲ್ಟರ್ ತೊಳೆಯಬಹುದೇ ಎಂದು ವಿಚಾರಿಸಿ, ಇದೇ ಇರಲಿ ಎಂದರು. ಮದುವೆಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ. ಹೊಗಳಿಕೆ ಬೇಡ, ನಡೆದದ್ದನ್ನು ಹೇಳಿ ಎಂದು ಇದನ್ನು ಬರೆದುಕೊಳ್ಳುತ್ತಿರುವ ಪೇದೆಯವರು ಸೂಚಿಸಿದ್ದಾರೆ. ನಡೆದದ್ದೇ ಹೊಗಳುವಂತಿದ್ದರೆ ನನ್ನದೇನು ತಪ್ಪು?

ನಾನು ಬಿಲ್ ಬರೆಯುತ್ತಿದ್ದಾಗ ಹೊರಗಿದ್ದ ಮಹಿಳೆ ಕಿವಿ ಹಿಡಿದುಕೊಂಡು ಒಳಗೆ ಓಡಿಬಂದರು. ಒಂದು ಕಿವಿಯ ಚಿನ್ನದ ಓಲೆ ಇರಲಿಲ್ಲ. ಸೀಟು, ನೆಲ, ಸ್ಕಾರ್ಫ್ ಎಲ್ಲ ಹುಡುಕಿದರೂ ಸಿಗಲಿಲ್ಲ. ಆಗ ಅವರು ವ್ಯಾನ್ ಅಕ್ಕನತ್ತ ಬೆರಳು ತೋರಿಸಿ, "ಇವರೇ ಅಲ್ವಾ ಸೀಟಿನ ಸಂದೀಲೆಲ್ಲ ತಡಕಾಡ್ತಿದ್ದಿದ್ದು?" ಎಂದರು. ಗಂಡನಾದವರು ಠಾಣೆಗೆ ಫೋನ್ ಮಾಡಿದರು. ಯಜಮಾನರು ಗಲ್ಲಾ ಬಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತರು. ಆ ಹೊತ್ತಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ರೇಡಿಯೊಗೆ ಕರೆಂಟೇ ಹೋಗಿತ್ತು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಠಾಣೆಯಿಂದ ಮಹಿಳಾ ಪೇದೆಯೊಬ್ಬರು ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ. ಅಕ್ಕ ಹಾಗೆ ಮಾಡಲಿಲ್ಲ, ಕೂಗಾಡಲೂ ಇಲ್ಲ. "ನನ್ನ ಹೆಸರು ಠಾಣೇಲಿ ಬಿತ್ತು ಅಂದ್ರೆ ಯಾರು ಮೇಡಂ ನನ್ನ ಗಾಡೀಲಿ ಮಗು ಕೂರಿಸ್ತಾರೆ? ಎಲ್ಲರ ಮುಂದೆ ನೋಡ್ಬಿಡಿ" ಎಂದು ಚೀಲವನ್ನು ತಾವೇ ಗಾಜಿನ ಮೇಜಿನ ಮೇಲೆ ಸುರಿದರು.

ಕೂದಲಿನ ಕ್ಲಿಪ್ಪುಗಳು, ಒಂಟಿ ಕಾಲುಚೀಲ, ಮೊಂಡು ಪೆನ್ಸಿಲ್, ಶರ್ಟಿನ ಗುಂಡಿ ಬಿದ್ದವು. ಎಲ್ಲಕ್ಕೂ ಕಾಗದದ ಚೀಟಿ ಅಂಟಿಸಿ ಒಂದೊಂದು ಮಗುವಿನ ಗುರುತು ಬರೆದಿತ್ತು: ಪುಟ್ಟಿ, ಗುಂಡ, ಕಿಟಕಿ ಪಕ್ಕದವಳು. ಮಡಿಸಿದ ಕಾಗದದಲ್ಲಿ ಒಂದು ಹಾಲುಹಲ್ಲು ಇತ್ತು. ವ್ಯಾನಿನಲ್ಲೇ ಉದುರಿ ಕಳೆದುಹೋದದ್ದು, ಮಗು ಎರಡು ದಿನ ಅತ್ತಿತ್ತು, ಕಸದಲ್ಲಿ ಸಿಕ್ಕಿತು, ಸೋಮವಾರ ಕೊಡಬೇಕು ಎಂದು ಅಕ್ಕ ತಿಳಿಸಿದರು. ಓಲೆ ಅದರಲ್ಲಿರಲಿಲ್ಲ.

ಬಳಿಕ ಅಕ್ಕ ಕಪ್ಪು ಯಂತ್ರವನ್ನು ತೋರಿಸಿ, ಟಕ್ ಎಂದದ್ದು ಏನೆಂದು ಈಗಲಾದರೂ ನೋಡೋಣ ಎಂದರು. ಯಜಮಾನರು ಅದು ಪ್ರದರ್ಶನದ ತುಂಡು, ತೆರೆಯುವಂತಿಲ್ಲವೆಂದರು. ಅವರ ಮಾತು ಮುಗಿಯುವ ಮೊದಲೇ ನಾನು ತೆರೆದು, ದಿನಪತ್ರಿಕೆಯ ಮೇಲೆ ಕೊಡವಿದೆನು. ಥರ್ಮಾಕೋಲ್ ಕಾಳುಗಳ ನಡುವೆ ಓಲೆ ಇತ್ತು. ಹೊರಗೆ ಥಳಕು ಒಳಗೆ ಹುಳುಕು ಎಂಬುದನ್ನು ನಾನು ಇಷ್ಟು ದಿನ ದುಬಾರಿ ಬೆಲೆಗೆ ಮಾರುತ್ತಿದ್ದೆನು.

ಓಲೆ ಕಳೆದುಕೊಂಡ ಮಹಿಳೆ ಅಳತೊಡಗಿದರು. ಅಕ್ಕ ಓಲೆಯನ್ನು ಕರವಸ್ತ್ರದಲ್ಲಿ ಒರೆಸಿ, ತಿರುಗಿಸಿ ನೋಡಿ, "ತಿರುಪು ಇಲ್ಲ. ಅದೂ ಅಲ್ಲೇ ಬಿದ್ದಿರುತ್ತೆ, ತಡೀರಿ" ಎಂದರು. ಈಗಷ್ಟೇ ಆರಿಸಿದ ಬಿಳಿ ಯಂತ್ರವನ್ನು ಅಂಗಡಿಯ ಬ್ಯಾಟರಿಗೆ ಸಿಕ್ಕಿಸಿ, ಮತ್ತೆ ಮಂಡಿಯೂರಿ ಸೀಟಿನ ಸಂದಿಗೆ ಹಿಡಿದರು. ಡಬ್ಬಿಯೊಳಗೆ ಧೂಳಿನೊಡನೆ ಸಾಸಿವೆಯಷ್ಟು ಚಿನ್ನ ಗಿರಗಿರನೆ ಸುತ್ತುವುದನ್ನು ನಾವೆಲ್ಲರೂ ಕಂಡೆವು. ತಮ್ಮನ್ನು ಕಳ್ಳಿ ಎಂದವರ ತಿರುಪನ್ನು ಮಂಡಿಯೂರಿ ಹುಡುಕಿಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಹಿಳೆ ಅಕ್ಕನ ಕೈ ಹಿಡಿದು, ತಪ್ಪಾಯಿತು ಎಂದರು. ಯಜಮಾನರು ರಿಯಾಯಿತಿ ಕೊಡಲು ಮುಂದಾದರು. ರಿಯಾಯಿತಿ ಬೇಡ, ಸರಿಯಾದ ಬಿಲ್ ಕೊಡಿ ಎಂದು ಹೇಳಿ ಅಕ್ಕ ನಮ್ಮ ಸೀಟಿನ ಮೇಲೆ ಚೆಲ್ಲಿದ್ದ ಕಸವನ್ನೆಲ್ಲ ತಾವೇ ಎಳೆದು ತೆಗೆದು ಹೊರಟರು.

ಮುಗಿದ ವಿಷಯ ಕೆದಕಬೇಡ ಎಂದು ಯಜಮಾನರು ಇಂದು ನನಗೆ ಹೇಳಿದ್ದಾರೆ. ಆದರೆ ನಿನ್ನೆಯ ಫೋನ್ ಕರೆ ಠಾಣೆಯಲ್ಲಿ ದಾಖಲಾಗಿದೆ. ಅದರ ಪಕ್ಕದಲ್ಲಿ ನನ್ನ ಈ ಮಾತೂ ಇರಬೇಕು: ಆಕೆ ಏನನ್ನೂ ಕದ್ದಿಲ್ಲ. ಯಾರು ಮಗು ಕೂರಿಸುತ್ತಾರೆ ಎಂಬ ಅವರ ಪ್ರಶ್ನೆಗೆ ನಿನ್ನೆ ಅಂಗಡಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ನನ್ನ ಮಗಳಿಗೆ ಏಳು ವರ್ಷ, ಈವರೆಗೆ ಶಾಲೆಗೆ ನಾನೇ ಸ್ಕೂಟರಿನಲ್ಲಿ ಬಿಡುತ್ತಿದ್ದೆನು. ನಾಳೆ ಬೆಳಿಗ್ಗೆಯಿಂದ ಅವಳು ವ್ಯಾನ್ ಅಕ್ಕನ ಗಾಡಿಯಲ್ಲಿ ಹೋಗುತ್ತಾಳೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಾನು ಕಣ್ಣಾರೆ ಕಂಡ ನಿಜ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಠಾಣೆ
ದಿನ: ಭಾನುವಾರ, ಸಂಜೆ
ಸಹಿ: (ರೇಡಿಯೊ)