ನೋವು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಅಧ್ಯಕ್ಷತೆ ವಹಿಸಿರುವ ಗೋಪಾಲಮ್ಮನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ರುಮಾನಾ ಅವರೇ, ಕೋಗಿಲು ತಾಯಂದಿರ ಬಳಗದ ಸದಸ್ಯರೇ, ಕಂಕುಳಲ್ಲೊಂದು ಮಗು, ಹೊಟ್ಟೆಯಲ್ಲೊಂದು ಮಗು ಹೊತ್ತು ಈ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ,

ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಕೂತು ಕೇಳುವುದು ಅಭ್ಯಾಸ. ಮದುವೆಯಾಗದ ಹುಡುಗಿ ಹೆರಿಗೆಯ ಬಗ್ಗೆ ಏನು ಮಾತಾಡುತ್ತಾಳೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೇಳಿದ್ದು ನನಗೂ ಕೇಳಿಸಿತು. ನ್ಯಾಯವಾದ ಪ್ರಶ್ನೆಯೇ. ನಾನು ಕನ್ನಡ ಎಂ.ಎ. ಮಾಡಿದವಳು. ನಾನು ಓದಿದ ಕಥೆಗಳಲ್ಲಿ ಹೆರಿಗೆ ಎಂದರೆ ಮುಚ್ಚಿದ ಬಾಗಿಲು, ಹೊರಗೆ ಅತ್ತಿಂದಿತ್ತ ಓಡಾಡುವ ಗಂಡ. ಒಳಗೆ ಏನಾಯಿತು? ಅದು ಬರೆದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಆ ಬಾಗಿಲು ನನಗೆ ತೆರೆದದ್ದು ನಮ್ಮ ಮನೆಯ ಜಗುಲಿಯಲ್ಲಿ.

ಪ್ರತಿ ಮಂಗಳವಾರ ಮಧ್ಯಾಹ್ನ ನಮ್ಮ ಬಳಗ ಸೇರುವುದು ಅಲ್ಲೇ. ನಮ್ಮ ಅಜ್ಜಿ ಕೃಷ್ಣಮ್ಮ ಮನೆಯಲ್ಲೇ ಹೆತ್ತ ಕಥೆ ಹೇಳುತ್ತಾರೆ, ಬೇರೆ ಹಿರಿಯರೂ ಹೇಳುತ್ತಾರೆ, ಬಸುರಿಯರು ಕೇಳುತ್ತಾರೆ. ಅಮ್ಮ ಕಾಫಿ ತಂದಿಟ್ಟು, ಕಥೆ ಶುರುವಾಗುವ ಹೊತ್ತಿಗೆ ಒಳಗೆ ಹೋಗುತ್ತಾರೆ. ಅವರಿಗೆ ಅಡುಗೆಮನೆಯಲ್ಲಿ ಯಾವಾಗಲೂ ಏನಾದರೊಂದು ಕೆಲಸ ಇರುತ್ತದೆ.

ನಮ್ಮ ಮಹಡಿಯ ಬಾಡಿಗೆ ಮನೆಗೆ ಬಂದವರು ಅದ್ನಾನ್ ಮತ್ತು ರುಖ್ಸಾರ್. ಅದ್ನಾನ್ ಇಲ್ಲೇ, ಕೋಗಿಲಿನಲ್ಲೇ ಬೆಳೆದವನು, ಎ.ಸಿ. ರಿಪೇರಿ ಮಾಡುತ್ತಾನೆ. ರುಖ್ಸಾರ್ ಕರ್ನೂಲಿನವಳು, ಚೊಚ್ಚಲ ಬಸುರಿ. ಕನ್ನಡ ಆಗಷ್ಟೇ ಕಲಿಯುತ್ತಿದ್ದಳು. ಅವಳಿಗೆ ಹೆರಿಗೆಯೆಂದರೆ ಎಷ್ಟು ಭಯವೆಂದರೆ, ಎಲ್ಲ ಸರಿಯಾಗಿದೆ, ನಾರ್ಮಲ್ ಆಗುತ್ತದೆ ಎಂದು ಡಾಕ್ಟರು ಹೇಳಿದರೂ ಹಟ ಹಿಡಿದು ಆಪರೇಷನ್ನಿಗೆ ದಿನ ಗೊತ್ತುಮಾಡಿಸಿಕೊಂಡು ಬಂದಿದ್ದಳು. ಆ ಡಾಕ್ಟರು ವೇದಿಕೆಯ ಮೇಲೆಯೇ ಇದ್ದಾರೆ, ನಗುತ್ತಿದ್ದಾರೆ.

ಒಂದು ಮಂಗಳವಾರ ಅಜ್ಜಿ ನಮ್ಮಪ್ಪ ಹುಟ್ಟಿದ ಕಥೆ ಹೇಳಿದರು. "ಆಗ ಯಾವ್ ಆಸ್ಪತ್ರೆ ಬುಡವ್ವಾ. ಕಂಬ ಇಡ್ಕೊಂಡು ಕೂತು ಒತ್ತಾರೆಯಿಂದ ನೋವು ತಿಂದೆ. ತಿಂದೆ, ತಿಂದೆ, ದನ ಮನೀಗ್ ಬರೋ ಒತ್ಗೆ ನಿಮ್ಮಪ್ಪ ಉಟ್ದ. ಆಮ್ಯಾಕೆ ಎದ್ದು ಬಿಸ್ನೀರು ಕುಡ್ದೆ, ಅಷ್ಟೇಯ."

ರುಖ್ಸಾರ್ ಕಣ್ಣರಳಿಸಿ ಕೇಳಿದಳು. ಮರುದಿನವೇ ಆಸ್ಪತ್ರೆಗೆ ಹೋಗಿ ಆಪರೇಷನ್ ಬೇಡವೆಂದು ಬಂದಳು. ನಮಗೆಲ್ಲ ಹೆಮ್ಮೆ. ಒಂದು ಕಥೆಗೆ ಇಷ್ಟು ಶಕ್ತಿಯೇ ಎಂದು ನಾನು ಮನಸ್ಸಿನಲ್ಲೇ ಒಂದು ಪ್ರಬಂಧ ಕೂಡ ಬರೆದೆ.

ಮುಂದಿನ ಮಂಗಳವಾರ ಅವಳು ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಳು.

"ಅಜ್ಜಿ, ಆ ನೋವು ಎಲ್ಲಿ ಸಿಗ್ತದೆ? ಅದ್ನಾನ್‌ಗೆ ಕೇಳಿದ್ರೆ ಬರೀ ನಗ್ತಾನೆ. ಯಲಹಂಕ ಮಾರ್ಕೆಟ್‌ನಲ್ಲಿ ಸಿಗ್ತದಾ? ನೀವೇ ಮಾಡಿ ಕೊಡ್ತೀರಾ?"

ಸಭಿಕರೇ, ನಾವು ಕನ್ನಡದವರು ಏಟು ತಿನ್ನುತ್ತೇವೆ, ಬೈಗುಳ ತಿನ್ನುತ್ತೇವೆ, ನೋವೂ ತಿನ್ನುತ್ತೇವೆ. ಹೊರಗಿನಿಂದ ಬಂದ ಹುಡುಗಿಗೆ ಇದು ಹೇಗೆ ಗೊತ್ತಾಗಬೇಕು? ನೋವು ಎಂದರೆ ಹೆರಿಗೆ ಸುಲಭವಾಗಲು ತಿನ್ನುವ ಯಾವುದೋ ಲೇಹ್ಯ ಎಂದುಕೊಂಡಿದ್ದಾಳೆ! ಜಗುಲಿಯೆಲ್ಲ ನಕ್ಕಿತು. ಅಜ್ಜಿಯ ಹಲ್ಲಿನ ಸೆಟ್ಟು ಸಡಿಲವಾಯಿತು. ಯಾರೋ ದಖ್ಖನಿಯಲ್ಲಿ "ನೋವು ಬೋಲೇತೋ ದರ್ದ್" ಎಂದು ಬಿಡಿಸಿ ಹೇಳಿದರು.

ಅವಳು ಮಾತ್ರ ನಗಲಿಲ್ಲ. ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು, "ಹಂಗಾದ್ರೆ ನಂಗೆ ಆಪರೇಷನ್ನೇ ಬೇಕು" ಎಂದು ಎದ್ದಳು.

ಅಜ್ಜಿ ಅವಳ ಕೈ ಹಿಡಿದು ಕೂರಿಸಿ, ಅದೇ ಕಥೆಯನ್ನು ಮತ್ತೆ ಹೇಳಿದರು. ಈ ಸಲ ತಮಾಷೆ ಇರಲಿಲ್ಲ.

"ಮುದ್ದೆ ತಿಂತೀಯೇನವ್ವಾ? ಇಡೀ ಮುದ್ದೆ ಒಂದೇ ಸಲ ನುಂಗ್ತಾರಾ? ಒಂದ್ ತುತ್ತು ಮುರ್ಕೊಂಡು ನುಂಗ್ಬೇಕು. ನೋವೂ ಇಂಗೇಯ. ಬತ್ತದೆ, ಬುಡ್ತದೆ. ಬಂದಾಗ ಒಂದ್ ತುತ್ತು. ಬುಟ್ಟಾಗ ಉಸ್ರು ಎಳ್ಕೊ. ಅಗೀತಾ ಕೂರ್ಬ್ಯಾಡ, ನುಂಗು. ಇನ್ನೊಂದ್ ಮಾತು. ನನ್ನ ಎರಡ್ನೇ ಕೂಸು ಉಳೀಲಿಲ್ಲ. ಆಸ್ಪತ್ರೆ ಇದ್ದಿದ್ರೆ ಉಳ್ಕೊತಿತ್ತೋ ಏನೋ. ಅದ್ಕೇ ನೀನು ಆಸ್ಪತ್ರೇಲೇ ತಿನ್ನು."

ಎರಡನೇ ಕೂಸಿನ ವಿಷಯ ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ರುಖ್ಸಾರ್ ಡಬ್ಬಿ ಎತ್ತಿಕೊಂಡು ಮಹಡಿ ಹತ್ತಿದಳು. ಆದರೆ ಆಪರೇಷನ್ನಿಗೆ ಮತ್ತೆ ದಿನ ಕೇಳಲು ಆಸ್ಪತ್ರೆಗೆ ಹೋಗಲಿಲ್ಲ.

ನೋವು ಬಂದ ದಿನ ಅವಳ ತಾಯಿ ಇನ್ನೂ ಕರ್ನೂಲಿನ ಬಸ್ಸಿನಲ್ಲಿದ್ದರು. ಅಜ್ಜಿಗೆ ಆಟೋ ಹತ್ತಲಾಗದು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಅಮ್ಮ, "ನಾನು ಹೋಗ್ತೀನಿ" ಎಂದರು. ಎಲ್ಲರೂ ಅವರ ಮುಖ ನೋಡಿದರು. ಯಾಕೆಂದರೆ ಅಮ್ಮನದು ಆಪರೇಷನ್. "ಇವ್ಳು ನೋವು ತಿನ್ದೇ ಎತ್ತೋಳು" ಎಂಬ ಮಾತನ್ನು ಅಜ್ಜಿಯ ಬಾಯಿಂದ ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಹಾಗೆ ಹುಟ್ಟಿದ ಮಗು ನಾನೇ ಆದ್ದರಿಂದ ನನಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ನಾನು ಮತ್ತು ಅದ್ನಾನ್ ಮುಚ್ಚಿದ ಬಾಗಿಲಿನ ಹೊರಗೆ, ಥೇಟ್ ಕಥೆಗಳಲ್ಲಿ ಇದ್ದ ಹಾಗೆ. ಒಳಗಿನಿಂದ ಅಮ್ಮನ ಧ್ವನಿ ಕೇಳುತ್ತಿತ್ತು. "ಒಂದು ತುತ್ತು. ಆಯ್ತು, ಹೋಯ್ತು ನೋಡು. ಉಸಿರು ತಗೋ. ಬರ್ತಿದೆ, ಇನ್ನೊಂದು ತುತ್ತು." ಅಷ್ಟು ಗಟ್ಟಿಯಾಗಿ ಅಮ್ಮ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ರುಖ್ಸಾರ್ "ಸಾಕು ಆಂಟಿ, ಹೊಟ್ಟೆ ತುಂಬ್ತು!" ಎಂದು ಕಿರುಚಿದಳು. ನರ್ಸು ನಕ್ಕದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮಗು ಅತ್ತಿತು. ಹೆಣ್ಣುಮಗು, ನಾರ್ಮಲ್.

ನಾವು ಒಳಗೆ ಹೋದಾಗ ರುಖ್ಸಾರ್ ಅಮ್ಮನ ಕೈ ಬಿಟ್ಟಿರಲಿಲ್ಲ. "ನಿಮಗೆ ಇದೆಲ್ಲಾ ಹೆಂಗೆ ಗೊತ್ತು ಆಂಟಿ?" ಎಂದಳು.

ಅಮ್ಮ ಮಗುವಿನ ಬಟ್ಟೆ ಸರಿಮಾಡುತ್ತ ಹೇಳಿದರು: "ನಾನೂ ತಿಂದಿದ್ದೆ ಕಣಮ್ಮಾ, ತವರಲ್ಲಿ. ಒಂದು ಹಗಲು ಪೂರ್ತಿ. ಕೊನೇ ತುತ್ತು ಇಳೀಲಿಲ್ಲ. ಮಗು ಎದೆಬಡಿತ ಕಮ್ಮಿ ಆಯ್ತು ಅಂತ ಆಪರೇಷನ್ ಮಾಡಿದ್ರು."

ಮನೆಗೆ ಬಂದು ನಾನೇ ಅಜ್ಜಿಗೆ ಹೇಳಿದೆ. ಅಜ್ಜಿ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. "ಯೋಳ್ಲೇ ಇಲ್ವಲ್ಲೇ ನೀನು?"

ಅಮ್ಮ ಒಲೆಯ ಕಡೆ ನೋಡುತ್ತಲೇ ಹೇಳಿದರು. "ನೀವು ಕೇಳ್ಲೇ ಇಲ್ವಲ್ಲ ಅತ್ತೆ."

ಸಭಿಕರೇ, ಮನೆಯಲ್ಲಿ ಹೆತ್ತವರ ಕಥೆ ಕೇಳಿದರೆ ಸಹಜ ಹೆರಿಗೆಗೆ ಧೈರ್ಯ ಬರುತ್ತದೆಯೇ ಎಂದು ಬಳಗದವರು ನನಗೆ ವಿಷಯ ಕೊಟ್ಟಿದ್ದರು. ಬರುತ್ತದೆ. ರುಖ್ಸಾರ್ ಮೂರನೇ ಸಾಲಿನಲ್ಲಿ ಮಗಳ ಜೊತೆ ಕೂತಿದ್ದಾಳೆ, ಕೇಳಿ ನೋಡಿ. ಈಗ ಮಂಗಳವಾರ ಅವಳೂ ಕಥೆ ಹೇಳುತ್ತಾಳೆ, ಡಬ್ಬಿಯ ಪ್ರಸಂಗವನ್ನೂ ಬಿಡದೆ. ಆದರೆ ಜಗುಲಿಯಲ್ಲಿ ಎಲ್ಲ ಕಥೆಗೂ ಜಾಗ ಇರಬೇಕು ಎಂದು ನನಗೆ ಅನ್ನಿಸುತ್ತದೆ, ಉಳಿಯದ ಕೂಸಿನದಕ್ಕೂ, ಇಳಿಯದ ತುತ್ತಿನದಕ್ಕೂ.

ಮಾತು ಹೆಚ್ಚಾಯಿತು. ಊಟಕ್ಕೆ ಮುದ್ದೆ ಇದೆ ಎಂದು ಗೋಪಾಲಮ್ಮನವರು ಸನ್ನೆ ಮಾಡುತ್ತಿದ್ದಾರೆ. ತಾಳ್ಮೆಯಿಂದ ಕೇಳಿದ ನಿಮಗೂ, ನಾಚಿಕೆಯವಳನ್ನು ಇಲ್ಲಿಯವರೆಗೆ ತಳ್ಳಿದ ಬಳಗಕ್ಕೂ ನಾನು ಋಣಿ. ಕೊನೆಯದಾಗಿ ಒಂದೇ ಒಂದು ಮಾತು, ಅದು ಸಭೆಗಲ್ಲ.

ಅಮ್ಮಾ, ಬಡಿಸೋಕೆ ಎದ್ದೆಯಲ್ಲ, ಕೂತ್ಕೋ. ಬೇರೆಯವರು ಬಡಿಸ್ತಾರೆ. ಈ ಮೈಕು ಈಗ ನಿನ್ನ ಹತ್ತಿರ ಬರ್ತಿದೆ. ನಾನು ಹುಟ್ಟಿದ ದಿನ ಏನಾಯ್ತು? ನಾನು ಕೇಳ್ತಾ ಇದ್ದೀನಿ.

ಎಲ್ಲರಿಗೂ ನಮಸ್ಕಾರ.